ಒಂಬತ್ತು ವೋಲ್ಟಿನ ಚದುರಂಗ

ನನ್ನ ಬಳಿ ಹನ್ನೊಂದು ಚದುರಂಗ ಯಂತ್ರಗಳಿವೆ. ಒಂಬತ್ತು ಆಡುತ್ತವೆ, ಎರಡರ ಹೊಟ್ಟೆ ಬಿಚ್ಚಿಟ್ಟಿದ್ದೇನೆ. ಆಡುವ ಒಂಬತ್ತರಲ್ಲಿ ಒಂದನ್ನು 1986ರ ಮೇ ತಿಂಗಳಲ್ಲಿ ನಾನೇ ಕೈಯಾರೆ ಸುಟ್ಟಿದ್ದೆ. ಅದು ಮತ್ತೆ ಆಡುವುದಕ್ಕೆ ಇಪ್ಪತ್ತಾರು ವರ್ಷ ಹಿಡಿಯಿತು.

ನನ್ನ ಊರು ತಾಳಗುಂದ ಎಂದರೆ ಜನ ಕೇಳುವುದು ಕಂಬದ ಶಾಸನ, ಕದಂಬರ ಮಯೂರಶರ್ಮ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಕಥೆ ಶುರುವಾಗುವುದು ಶಿರಾಳಕೊಪ್ಪದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದ ರಜೆ. ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಅಪ್ಪ ಅಲ್ಲಿಗೆ ಸೇರಿಸಿದ್ದರು. ಬೆಳಿಗ್ಗೆ ಸೈಕಲ್ ತುಳಿದು ಹೋಗುವುದು, ಕತ್ತಲಾಗುವ ಮೊದಲು ವಾಪಸು. ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನಗೆ ಕೊಟ್ಟಿದ್ದು ಡಯಲ್ ದಾರ ಕಟ್ಟುವ ಕೆಲಸ, ಬ್ಯಾಂಡ್ ಸ್ವಿಚ್ಚಿಗೆ ಸಿಟಿಸಿ ಎಂಬ ದ್ರಾವಕ ಹಾಕಿ ತೊಳೆಯುವ ಕೆಲಸ. ರಿಪೇರಿಯಾದ ಸೆಟ್ಟಿನಲ್ಲಿ ಭದ್ರಾವತಿ ಆಕಾಶವಾಣಿ ಕರಕರ ಇಲ್ಲದೆ ಬಂದರೆ ಪಾಸು. ಆಮೇಲೆ ಧಾರವಾಡ ಹಿಡಿಯಬೇಕು. ಧಾರವಾಡವೂ ಬಂದರೆ ಉಸ್ತಾದ್ ಹಿಂದಿನ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ತಾರೀಕು, ಏನು ಕೆಟ್ಟಿತ್ತು, ಏನು ಹಾಕಿದೆ ಎಂದು ಬರೆದು ಸ್ಕ್ರೂ ಬಿಗಿಯುತ್ತಿದ್ದರು. ಯಾಕೆ ಎಂದು ಕೇಳಿದ್ದೆ. "ನಾಳೆ ಇನ್ನೊಬ್ಬ ಬಿಚ್ತಾನಲ್ಲ ತಮ್ಮಾ, ಅವನು ಮತ್ತೆ ಮೊದಲಿಂದ ಹುಡುಕಬಾರದು" ಎಂದಿದ್ದರು.

ಆ ಊರಿನವರೊಬ್ಬರು ಸೌದಿಯಿಂದ ರಜೆಗೆ ಬಂದವರು ಒಂದು ಚದುರಂಗ ಯಂತ್ರ ತಂದುಕೊಟ್ಟರು. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು. ಕಂದು ಬಣ್ಣದ ಪ್ಲಾಸ್ಟಿಕ್ಕಿನ ಮಣೆ, ಬದಿಯಲ್ಲಿ ಹತ್ತಾರು ಗುಂಡಿ, ಅಂಚಿನ ಎರಡು ಕಡೆ ಎಂಟೆಂಟು ಕೆಂಪು ದೀಪ. ಅವರಿದ್ದ ಮನೆಯಲ್ಲಿ ಕರೆಂಟು 110 ವೋಲ್ಟು. ಇಲ್ಲಿ ಬಂದು ಅದೇ ಅಡಾಪ್ಟರನ್ನು 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದ್ದರು. ಅಡಾಪ್ಟರ್ ಹೊಗೆಯಾಡಿ ಹೋಗಿತ್ತು. ಆ ಕಾಲದಲ್ಲಿ ಗಲ್ಫಿನಿಂದ ಬಂದ ಎಷ್ಟೋ ಟೇಪ್ ರೆಕಾರ್ಡರುಗಳು ಹೀಗೆಯೇ ನಮ್ಮ ಬೆಂಚಿಗೆ ಬರುತ್ತಿದ್ದವು. ಉಸ್ತಾದ್ ಯಂತ್ರವನ್ನು ಮಗುಚಿ ಆರು ಸೆಲ್ ಹಾಕಿದರು, ಒಂಬತ್ತು ವೋಲ್ಟು. ಕೀಂಕ್ ಎಂದು ಸದ್ದಾಯಿತು, ದೀಪ ಹತ್ತಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಸರಿಯಾಗಿ ಆಡುತ್ತದೋ ಇಲ್ಲವೋ ನೋಡಬೇಕಲ್ಲ. ಅಂಗಡಿಯಲ್ಲಿ ಯಾರಿಗೂ ಚದುರಂಗ ಬಾರದು. ನಮ್ಮ ಅಜ್ಜನಿಗೆ ಬರುತ್ತದೆ ಎಂದೆ. ಉಸ್ತಾದ್ ಯಂತ್ರದವರನ್ನು ಕೇಳಿ, ಎರಡು ದಿನಕ್ಕೆ ನನ್ನ ಕೈಗೆ ಕೊಟ್ಟರು. ಟವೆಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು ತಾಳಗುಂದಕ್ಕೆ ತಂದೆ.

ಅಜ್ಜ ಜಗಲಿಯ ಮೇಲೆ ಕೂತು ಆಡಿದರು. ಯಾವ ಕಾಯಿ ಎತ್ತಬೇಕೋ ಅದನ್ನು ಅದರ ಮನೆಯ ಮೇಲೆ ಒತ್ತಬೇಕು, ಆಮೇಲೆ ಎತ್ತಿ ಹೋಗಬೇಕಾದ ಮನೆಯ ಮೇಲೆ ಒತ್ತಬೇಕು. ಯಂತ್ರ ತನ್ನ ನಡೆಯನ್ನು ದೀಪ ಹಚ್ಚಿ ತೋರಿಸುತ್ತದೆ, ಅದರ ಕಾಯಿಯನ್ನೂ ನಾವೇ ನಡೆಸಬೇಕು. ಮೊದಲ ನಡೆಗೇ ಜಗಳ ಬಂತು. ಯಂತ್ರ ಕಾಲಾಳನ್ನು ಎರಡು ಮನೆ ಮುಂದೆ ಇಡು ಎಂದಿತು. ನಮ್ಮ ಕಡೆಯ ಹಳೆಯ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ. ಅಜ್ಜ ಹೋಗಲಿ ಎಂದು ಒಪ್ಪಿದರು. ಹತ್ತು ನಡೆ ಆದಮೇಲೆ ಅವರು ರಾಜನನ್ನು ಕುದುರೆಯ ಹಾಗೆ ಹಾರಿಸಿದರು. ರಾಜನಿಗೆ ಇನ್ನೂ ಷಾ ಬಿದ್ದಿಲ್ಲವಾದರೆ ಒಂದು ಸಲ ಹಾಗೆ ಹಾರಬಹುದು ಎನ್ನುವುದು ನಮ್ಮ ಆಟದ ನಿಯಮ. ಯಂತ್ರ ಟೀಂ ಟೀಂ ಎಂದು ತಪ್ಪು ಹೇಳಿತು. ಅಜ್ಜ ಮತ್ತೆ ಒತ್ತಿದರು, ಮತ್ತೆ ಟೀಂ ಟೀಂ.

"ಇದಕ್ಕೆ ನಮ್ಮ ಆಟ ಬರಂಗಿಲ್ಲ, ಅದರ ಆಟ ನಾನೇ ಕಲೀತೀನಿ" ಎಂದರು. ಎಪ್ಪತ್ತು ದಾಟಿದ ಮನುಷ್ಯ ಆ ರಾತ್ರಿ ಲಾಟೀನು ಹತ್ತಿರ ಎಳೆದುಕೊಂಡು ಇಂಗ್ಲಿಷ್ ಆಟದ ನಿಯಮ ಕಲಿತರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಯಂತ್ರದ ಒಂದು ಕೊರತೆಯನ್ನೂ ಹಿಡಿದಿದ್ದರು. ಕಾಯಿ ಹೊಡೆಯಲು ಕೊಟ್ಟರೆ ಅದು ಬಿಡುವುದೇ ಇಲ್ಲ, ನಾಲ್ಕು ನಡೆ ಆಚೆ ಏನು ಕಾದಿದೆ ಎನ್ನುವುದು ಅದಕ್ಕೆ ಕಾಣುವುದಿಲ್ಲ. ಹಳೆಯ ಯಂತ್ರಗಳು ಇಂತಿಷ್ಟು ನಡೆ ಎಂದು ಎಣಿಸಿ ಅಲ್ಲಿಗೆ ನಿಲ್ಲಿಸುತ್ತಿದ್ದವು. ಅದರಾಚೆಯ ಅಪಾಯ ಅವುಗಳ ಪಾಲಿಗೆ ಇಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜನಿಗೆ ಒಂದು ಒಂಟೆ ಕಳೆದುಕೊಂಡಷ್ಟರಲ್ಲಿ ಗೊತ್ತಾಗಿತ್ತು.

ಚದುರಂಗ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಬಳ್ಳಿಗಾವಿ ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ಆ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ರಚಿಸಿದವರು. ಅಜ್ಜನಿಗೆ ಈ ಗ್ರಂಥಗಳ ಹೆಸರು ಗೊತ್ತಿರಲಿಲ್ಲ. ಆಟ ಅವರಿಗೆ ಅವರ ಸೋದರಮಾವನಿಂದ ಬಂದಿತ್ತು.

ಎರಡನೆಯ ದಿನ ಸಂಜೆ ದೀಪಗಳು ಮಂಕಾದವು. ಸೆಲ್ ಇಳಿದಿತ್ತು. ಆರು ಹೊಸ ಸೆಲ್ಲಿಗೆ ನನ್ನ ಹತ್ತಿರ ದುಡ್ಡಿರಲಿಲ್ಲ. ಮನೆಯ ಟ್ರಾನ್ಸಿಸ್ಟರಿಗೆ ಸೆಲ್ಲಿನ ಬದಲು ಕರೆಂಟು ಕೊಡುವ ಒಂದು ಎಲಿಮಿನೇಟರ್ ಇತ್ತು, ಅದೂ ಒಂಬತ್ತು ವೋಲ್ಟು, ಪಿನ್ನು ಅಳತೆಗೆ ಸರಿಯಾಗಿ ಕೂತಿತು. ಸ್ವಿಚ್ ಒತ್ತಿದೆ. ಸದ್ದು ಬರಲಿಲ್ಲ, ದೀಪ ಹತ್ತಲಿಲ್ಲ, ಒಂದು ನಿಮಿಷದಲ್ಲಿ ಸುಟ್ಟ ಬೇಕಲೈಟಿನ ವಾಸನೆ ಬಂತು. ನಮ್ಮ ರೇಡಿಯೋದ ಪಿನ್ನಿನಲ್ಲಿ ನಡುವೆ ಪ್ಲಸ್. ಯಂತ್ರಕ್ಕೆ ಬೇಕಾಗಿದ್ದುದು ನಡುವೆ ಮೈನಸ್. ತೂತಿನ ಪಕ್ಕದಲ್ಲೇ ಚಿತ್ರ ಬರೆದಿತ್ತು. ಒಂದು ವೃತ್ತ, ಅದರೊಳಗೆ ಚುಕ್ಕಿ, ಎರಡು ಕಡೆ ಗೆರೆ. ನಾನು ನೋಡಿರಲಿಲ್ಲ.

ಮರುದಿನ ಅಂಗಡಿಯಲ್ಲಿ ಉಸ್ತಾದ್ ಬೈಯಲಿಲ್ಲ. ಬಿಚ್ಚಿ ನೋಡಿದರು. 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಸೀಳಿತ್ತು. ಅದು ಅಂಗಡಿಯಲ್ಲೇ ಇತ್ತು, ಹಾಕಿದರು. ಮೀಟರು ಐದು ವೋಲ್ಟು ತೋರಿಸಿತು. ಯಂತ್ರ ಏಳಲಿಲ್ಲ. ರೆಗ್ಯುಲೇಟರನ್ನು ದಾಟಿದ ಉಲ್ಟಾ ಕರೆಂಟು ನಲವತ್ತು ಕಾಲಿನ ದೊಡ್ಡ ಐಸಿಯನ್ನೂ ತೆಗೆದುಕೊಂಡು ಹೋಗಿತ್ತು. ಚದುರಂಗದ ಬುದ್ಧಿಯೆಲ್ಲ ಇದ್ದುದು ಆ ಐಸಿಯೊಳಗೆ. ಕಾರ್ಖಾನೆಯಲ್ಲೇ ಕೆತ್ತಿ ಕಳಿಸಿದ ಅಂಥ ಐಸಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸೌದಿಯವರಿಗೆ ಉಸ್ತಾದರೇ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಟ್ಕೊಳ್ಳಿ, ಆದರೆ ಕೊಡಿ" ಎಂದು ಹೋದರು. ಆ ಮನುಷ್ಯ ತನ್ನ ಮಗನಿಗೆಂದು ತಂದಿದ್ದ ಸಾಮಾನು ಅದು.

ಆಮೇಲಿನ ನನ್ನ ವರ್ಷಗಳಲ್ಲಿ ಹೇಳುವಂಥದ್ದು ಕಡಿಮೆ. ಐಟಿಐ ಮಾಡಿದೆ, ಬೆಂಗಳೂರಿಗೆ ಹೋದೆ, ಮೂವತ್ತು ವರ್ಷ ಅಳತೆ ಉಪಕರಣಗಳ ರಿಪೇರಿ ಮಾಡಿದೆ. 1998ರಲ್ಲಿ ಉಸ್ತಾದ್ ಅಂಗಡಿ ಮುಚ್ಚಿದಾಗ ಕರೆದು ಯಂತ್ರವನ್ನು ನನಗೆ ಕೊಟ್ಟರು. ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಹೀಗಿತ್ತು: "ಪ್ಲಸ್ ಮೈನಸ್ ಉಲ್ಟಾ. 7805 ಹಾಕಿದೆ. ದೊಡ್ಡ ಐಸಿ ಹೋಗಿದೆ, ಸಿಗುವುದಿಲ್ಲ." ಕೆಳಗೆ ತಾರೀಕು. ಯಾರು ಸುಟ್ಟರು ಎಂದು ಬರೆದಿರಲಿಲ್ಲ.

ಈ ಯಂತ್ರಗಳ ಹಿನ್ನೆಲೆ ತಿಳಿದುಕೊಂಡದ್ದು ಬೆಂಗಳೂರಿನಲ್ಲಿ. ಮನೆಯ ಮೇಜಿನ ಮೇಲೆ ಇಟ್ಟು ಆಡಬಹುದಾದ ಚೆಸ್ ಕಂಪ್ಯೂಟರ್ ಅಂಗಡಿಗೆ ಬಂದದ್ದು 1977ರಲ್ಲಿ. ಅಮೆರಿಕದ ಷಿಕಾಗೋದ ಫಿಡೆಲಿಟಿ ಕಂಪನಿಯ ಚೆಸ್ ಚಾಲೆಂಜರ್ ಅದು. ಮಣೆಯ ಮೇಲೆ ಅಡ್ಡ ಸಾಲಿಗೂ ಉದ್ದ ಸಾಲಿಗೂ ಬರೆಯಬೇಕಾದ ಅಕ್ಷರ, ಅಂಕಿಗಳನ್ನು ಅದರಲ್ಲಿ ಅದಲು ಬದಲು ಮಾಡಿದ್ದರು. ಎರಡು ವರ್ಷದ ಮೇಲೆ ಬಂದ ಚೆಸ್ ಚಾಲೆಂಜರ್ 7ರ ಪ್ರೋಗ್ರಾಮು ಇದ್ದುದು ನಾಲ್ಕು ಕಿಲೋಬೈಟಿನಲ್ಲಿ, ಎಂದರೆ 4096 ಬೈಟು. ಈಗ ಮೊಬೈಲಿನಲ್ಲಿ ಕನ್ನಡ ಬರೆಯುವ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೂ ಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅಷ್ಟು ಜಾಗದಲ್ಲಿ ಇನ್ನೂರು ಕನ್ನಡ ಪದವೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಕೋಟೆ ಕಟ್ಟುವುದು, ಕಾಲಾಳನ್ನು ಮಂತ್ರಿ ಮಾಡುವುದು, ಏಳು ಹಂತದ ಆಟ ಎಲ್ಲವನ್ನೂ ಸೇರಿಸಿದ್ದರು. ನಾನು ಈ ಯಂತ್ರಗಳನ್ನು ಕೂಡಿಡುವುದಕ್ಕೆ ಇದೇ ಕಾರಣ. ಗುಂಡಿಯಿಂದ ಹಿಡಿದು ಐಸಿಯವರೆಗೆ ಒಬ್ಬ ಮನುಷ್ಯ ಪೂರ್ತಿ ಅರ್ಥ ಮಾಡಿಕೊಳ್ಳಬಹುದಾದ ಯಂತ್ರ ಇದು. ಜೇಬಿನಲ್ಲಿರುವ ಫೋನಿನ ವಿಷಯದಲ್ಲಿ ಈ ಮಾತು ಹೇಳಲಾರೆ.

ಹಾಂಗ್‌ಕಾಂಗ್‌ನಲ್ಲಿ ನೋವಾಗ್ ಮತ್ತು ಸೈಸಿಸ್, ಜರ್ಮನಿಯ ಮ್ಯೂನಿಕ್ಕಿನಲ್ಲಿ ಮೆಫಿಸ್ಟೋ ಇಂಥ ಯಂತ್ರಗಳನ್ನು ಮಾಡುತ್ತಿದ್ದವು. ಸೈಸಿಸ್ ಕಂಪನಿ ಆಮೇಲೆ ಸೈಟೆಕ್ ಆಯಿತು, ಚೆಸ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಹೆಸರು ಹಾಕಿ ಮಾರಿತು. ಮೆಫಿಸ್ಟೋದವರು ಮರದ ಮಣೆ ಮಾಡುತ್ತಿದ್ದರು, ಅದರ ಪ್ರತಿ ಮನೆಯಡಿಯಲ್ಲೂ ರೀಡ್ ಸ್ವಿಚ್, ಕಾಯಿಯ ಬುಡದಲ್ಲಿ ಅಯಸ್ಕಾಂತ. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಕಾಸ್ಪರೋವನನ್ನು ಸೋಲಿಸಿತು. ಅಷ್ಟರಲ್ಲಿ ಮನೆಮನೆಗೆ ಕಂಪ್ಯೂಟರ್ ಬರುತ್ತಿತ್ತು, ಆಮೇಲೆ ಫೋನು ಬಂತು. ಹಳೆಯ ಮಣೆಗಳು ಅಟ್ಟ ಸೇರಿದವು.

2012ರಲ್ಲಿ ಬೆಂಗಳೂರಿನ ಸಂಡೆ ಬಜಾರಿನ ಒಂದು ತಾಡಪಾಲಿನ ಮೇಲೆ, ಹಳೆಯ ಕೀಬೋರ್ಡುಗಳ ರಾಶಿಯಡಿ, ಅದೇ ಕಂದು ಮಣೆ ಕಂಡಿತು. ಒಂದು ಮೂಲೆ ಚಕ್ರಕ್ಕೆ ಸಿಕ್ಕಿದಂತೆ ಒಡೆದಿತ್ತು, ಕಾಯಿ ಒಂದೂ ಇಲ್ಲ, ಸೆಲ್ಲಿನ ಮುಚ್ಚಳ ಇಲ್ಲ. ನೂರೈವತ್ತು ರೂಪಾಯಿ ಕೊಟ್ಟೆ. ಚೌಕಾಸಿ ಮಾಡುವ ಮನಸ್ಸು ಬರಲಿಲ್ಲ.

ನಲವತ್ತು ಕಾಲಿನ ಐಸಿಯನ್ನು ಬೋರ್ಡಿನಿಂದ ಜೀವಸಹಿತ ಎತ್ತುವುದು ಅವಸರದವರ ಕೆಲಸವಲ್ಲ. ಹಳೆಯ ಸೀಸಕ್ಕೆ ಮೊದಲು ಸ್ವಲ್ಪ ಹೊಸ ಸೀಸ ತಾಗಿಸಬೇಕು, ಆಗ ಅದು ಸುಲಭವಾಗಿ ಕರಗುತ್ತದೆ. ಪಂಪಿನಿಂದ ಎಳೆಯಬೇಕು. ಉಳಿದದ್ದನ್ನು ತಾಮ್ರದ ಜಡೆಗೆ ಹೀರಿಸಬೇಕು. ಒಂದು ಕಾಲು ಮಾಡಿ ಪಕ್ಕದ್ದಕ್ಕೆ ಹೋಗಬಾರದು, ದೂರದ್ದಕ್ಕೆ ಹೋಗಬೇಕು, ಒಂದೇ ಕಡೆ ಬಿಸಿಯಾದರೆ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಕೊನೆಗೆ ಇಕ್ಕಳದ ತುದಿಯಿಂದ ಪ್ರತಿ ಕಾಲನ್ನೂ ಅಲ್ಲಾಡಿಸಿ ನೋಡಬೇಕು. ನಲವತ್ತೂ ಟಕ್ ಟಕ್ ಎಂದು ಅಲ್ಲಾಡಿದ ಮೇಲೆಯೇ ಐಸಿ ಎತ್ತಬೇಕು. ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ಸುಟ್ಟ ಐಸಿ ಇದ್ದ ಜಾಗಕ್ಕೆ ಸಾಕೆಟ್ ಹಾಕಿ ಇದನ್ನು ಅದರಲ್ಲಿ ಕೂರಿಸಿದೆ. ಪಿನ್ನಿನ ತೂತಿನ ಹಿಂದೆ ಒಂದು ಡಯೋಡ್ ಸೇರಿಸಿದೆ. ಅದಿದ್ದರೆ ಉಲ್ಟಾ ಸಿಕ್ಕಿಸಿದರೂ ಕರೆಂಟು ಒಳಗೆ ಹೋಗುವುದಿಲ್ಲ. ಆಗ ಒಂದು ರೂಪಾಯಿಗೂ ಕಡಿಮೆಗೆ ಸಿಗುತ್ತಿದ್ದ ಡಯೋಡು.

ಸ್ವಿಚ್ ಒತ್ತಿದಾಗ ಕೀಂಕ್ ಎಂದಿತು.

ಆದರೂ ಆಟ ಮುಂದುವರಿಯಲಿಲ್ಲ. ರಾಜನ ಮುಂದಿನ ಕಾಲಾಳನ್ನು ಒತ್ತಿದರೆ ಏನೂ ಇಲ್ಲ. ಇಂಥ ಹೊತ್ತಿನಲ್ಲಿ 64 ಮನೆಯನ್ನೂ ಒಂದೊಂದಾಗಿ ಒತ್ತಿ, ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಒಳಗೆ ಇರುವುದು 64 ತಂತಿಯಲ್ಲ. ಅಡ್ಡ ಎಂಟು ಗೆರೆ, ಉದ್ದ ಎಂಟು ಗೆರೆ, ಅವು ಹಾಯುವಲ್ಲಿ ಒಂದೊಂದು ಮನೆ. ಒಂದೇ ಮನೆ ಸತ್ತಿದ್ದರೆ ಆ ಮನೆಯ ಸ್ವಿಚ್ಚಿನ ದೋಷ. ಒಂದು ಇಡೀ ಸಾಲು ಸತ್ತಿದ್ದರೆ ಎಲ್ಲೋ ಒಂದು ಗೆರೆ ಕಡಿದಿದೆ. ನನ್ನದರಲ್ಲಿ ಸತ್ತದ್ದು ರಾಜನ ಸಾಲಿನ ಎಂಟೂ ಮನೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಗಾಲದ ಶಾಯಿಯಲ್ಲಿ ಎಳೆದ ಗೆರೆ ಬೋರ್ಡು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿ ಸೀಸ ಹಾಕುವಂತಿಲ್ಲ, ಪ್ಲಾಸ್ಟಿಕ್ ಸುಕ್ಕಾಗುತ್ತದೆ. ಬೆಳ್ಳಿಪುಡಿ ಬೆರೆತ ಬಣ್ಣವನ್ನು ಸೂಜಿಮೊನೆಯಲ್ಲಿ ತೆಗೆದು ಬಿರುಕಿನ ಮೇಲೆ ಎಳೆದು ಒಂದು ರಾತ್ರಿ ಒಣಗಲು ಬಿಟ್ಟೆ.

ಯಂತ್ರ ಆಡತೊಡಗಿದ ಮೇಲೆ ಅದನ್ನು ಸೌದಿಯಿಂದ ತಂದಿದ್ದ ಯಜಮಾನರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡಿದ್ದರು. ಮಗ ಒಂದು ಆಟ ಆಡಿ ಸೋತು, "ನಿಮ್ಮ ಹತ್ರಾನೇ ಇರಲಿ ಅಣ್ಣಾ, ಇಲ್ಲಿದ್ರೆ ಮಕ್ಳು ಒಡೀತಾವೆ" ಎಂದರು. ಅಜ್ಜನೂ ಇರಲಿಲ್ಲ. ಅವರು ಹೋಗಿ ಇಪ್ಪತ್ತು ವರ್ಷವಾಗಿತ್ತು.

ಐದು ವರ್ಷದ ಹಿಂದೆ ಬೆಂಗಳೂರು ಬಿಟ್ಟು ತಾಳಗುಂದದ ಮನೆಗೆ ಬಂದೆ. ಯಂತ್ರಗಳೂ ಬಂದವು. ಮಲೆನಾಡಿನ ಸೆರಗಿನ ಈ ಹವೆ ಅವಕ್ಕೆ ಒಗ್ಗುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ, ತಾಮ್ರಕ್ಕೆ ಹಸಿರು ಹಿಡಿಯುತ್ತದೆ, ಸೆಲ್ಲಿನ ಗೂಡಿನಲ್ಲಿ ಇರುವೆ ಮೊಟ್ಟೆಯಿಡುತ್ತದೆ. ಬೀರುವಿನೊಳಗೆ ಹದಿನೈದು ವ್ಯಾಟಿನ ಬಲ್ಬು ಮಳೆಗಾಲ ಪೂರ್ತಿ ಉರಿಯುತ್ತದೆ. ಕೊಂಡ ಒಂದು ಮೆಫಿಸ್ಟೋ ಮಣೆಯಲ್ಲಿ ಎರಡು ಕಾಲಾಳು ಕಡಿಮೆ ಇದ್ದವು. ಸೊರಬದ ಗುಡಿಗಾರರೊಬ್ಬರ ಮುಂದೆ ಮಾದರಿ ಇಟ್ಟೆ. ಗಂಧದಲ್ಲಿ ಆನೆ, ದೇವರು ಕೆತ್ತುವ ಕೈ. ಅವರು ಕಾಯಿಯನ್ನು ತಿರುಗಿಸಿ ಬುಡದ ಅಯಸ್ಕಾಂತ ಮುಟ್ಟಿ ನೋಡಿ, ಎಷ್ಟು ಆಳ ತೂತು ಬೇಕು ಎಂದಷ್ಟೇ ಕೇಳಿದರು. ವಾರದಲ್ಲಿ ಎರಡು ಕಾಲಾಳು ಕೊಟ್ಟರು. ಉಳಿದ ಆರರ ಜೊತೆ ಇಟ್ಟರೆ ಯಾವುದು ಜರ್ಮನಿಯದು, ಯಾವುದು ಸೊರಬದ್ದು ಎಂದು ನೆಂಟರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ, ಸೊರಬದ್ದು ಹೆಚ್ಚು ನುಣುಪು.

ಆ ಕಾಲವೇ ಚೆನ್ನಾಗಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಟ್ರಾನ್ಸಿಸ್ಟರಿಗಾಗಿ ಉಸ್ತಾದ್ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿಬರುವವರ ಕೈಯಲ್ಲಿ ಚೀಟಿ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಿದ್ದರು. ಸರ್ಕ್ಯೂಟ್ ಚಿತ್ರ ಸಿಗುತ್ತಿರಲಿಲ್ಲ. ಸಂಜೆ ಪಂಪ್‌ಸೆಟ್ಟು ಶುರುವಾದರೆ ವೋಲ್ಟೇಜು ಕುಸಿದು ಕೆಲಸ ನಿಲ್ಲುತ್ತಿತ್ತು. ಸಿಟಿಸಿಯ ಹೊಗೆ ಕುಡಿದೇ ಕೆಲಸ ಮಾಡಬೇಕಿತ್ತು, ಅದು ಲಿವರಿಗೆ ವಿಷ ಎಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ನಲವತ್ತು ವರ್ಷ ಹಳೆಯ ಐಸಿಯ ಕಾಲುಗಳ ವಿವರ ಎರಡು ನಿಮಿಷದಲ್ಲಿ ಫೋನಿನಲ್ಲಿ ತೆರೆಯುತ್ತದೆ. ಹಳೆಯ ಯಂತ್ರಗಳೊಳಗಿನ ಪ್ರೋಗ್ರಾಮುಗಳನ್ನು ಹಲವು ದೇಶಗಳ ಆಸಕ್ತರು ಬೈಟು ಬೈಟಾಗಿ ಓದಿ ಉಳಿಸಿದ್ದಾರೆ. ಮೇಮ್ ಎಂಬ ಸಾಫ್ಟ್‌ವೇರಿನಲ್ಲಿ ಅವು ಮತ್ತೆ ಆಡುತ್ತವೆ. ಕಾರ್ಖಾನೆಯಲ್ಲಿ ಕೆತ್ತಿದ್ದಲ್ಲದೆ, ಬರೆದು ಅಳಿಸಬಹುದಾದ ಈಪ್ರಾಮ್ ಇರುವ ಯಂತ್ರವಾದರೆ, ಅದರ ನೆನಪು ಅಳಿಸಿಹೋದರೂ ಮತ್ತೆ ಬರೆಯಬಹುದು. ಉಸ್ತಾದರಿಗೆ ಇದು ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಕೆಟ್ಟಿರುವುದು ಬೇರೆ. ಸ್ಕ್ರೂ ಇದ್ದ ಜಾಗಕ್ಕೆ ಅಂಟು ಬಂದಿದೆ. ಬಿಚ್ಚಿದರೆ ಒಡೆಯುತ್ತದೆ. ಹೀಗಾಗಿ ಮುಚ್ಚಳದ ಒಳಗೆ ಬರೆಯುವ ಅಭ್ಯಾಸವೂ ನಿಂತಿತು. ಉಸ್ತಾದರ ಅಂಗಡಿ ಇದ್ದ ಮಳಿಗೆಯಲ್ಲಿ ಈಗ ಮೊಬೈಲ್ ಅಂಗಡಿ. ಅಲ್ಲಿನ ಹುಡುಗ ಸೂಕ್ಷ್ಮದರ್ಶಕದ ಕೆಳಗೆ ಸಾಸಿವೆಗಿಂತ ಸಣ್ಣ ಭಾಗಗಳನ್ನು ಕೂರಿಸುತ್ತಾನೆ. ಕೈ ನನಗಿಂತ ಚುರುಕು. ಏನು ಮಾಡಿದೆ ಎಂದು ಎಲ್ಲಾದರೂ ಬರೆದಿಡುತ್ತೀಯಾ ಎಂದು ಕೇಳಿದೆ. ಬರೆಯುವುದಕ್ಕೆ ಜಾಗ ಎಲ್ಲಿದೆ ಅಣ್ಣಾ ಎಂದ.

ಬರೆದಿಡುವ ಮಾತು ಬಂದಾಗ, ಮೊದಲು ಹೇಳಿದ ಶಾಸನದ ಕಂಬ ನೆನಪಾಗುತ್ತದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಆ ಕಂಬ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಕದಂಬ ಅರಸ ಕಾಕುಸ್ಥವರ್ಮ ಈ ದೇವಸ್ಥಾನದ ಬಳಿ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಅದನ್ನು ಕಲ್ಲಿಗೆ ಹಾಕಿಸಿದ್ದು. ಕಾಂಚಿಯಲ್ಲಿ ಪಲ್ಲವರ ಕುದುರೆಯವನೊಂದಿಗೆ ಜಗಳವಾಗಿ ಮಯೂರಶರ್ಮ ಕತ್ತಿ ಹಿಡಿದ ಪ್ರಸಂಗವೂ ಅದರಲ್ಲೇ ಇದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಪ್ರವಾಸಿಗಳಿಗೆ ತೋರಿಸುವುದು ಬೇರೆ ಸಂಗತಿ. ಆ ಕಾವ್ಯ ರಚಿಸಿದ ಕುಬ್ಜ, ತಾನೇ ಇದನ್ನು ಕಲ್ಲಿನ ಮೇಲೆ ಬರೆದೆ ಎಂದು ತನ್ನ ಹೆಸರು ಸೇರಿಸಿದ್ದಾನೆ. ಏನು ಕೆಲಸ, ಯಾರು ಮಾಡಿಸಿದ್ದು, ಯಾರು ಬರೆದದ್ದು, ಮೂರೂ ಅಲ್ಲಿವೆ.

ನನ್ನ ಹನ್ನೊಂದು ಯಂತ್ರಗಳ ಮುಚ್ಚಳದೊಳಗೂ ಈಗ ಬರಹ ಇದೆ. ಉಸ್ತಾದರ ಪೆನ್ಸಿಲ್ ಬರಹದ ಕೆಳಗೆ ನಾನು ಸೇರಿಸಿದ್ದು: "ದೊಡ್ಡ ಐಸಿ ಬೇರೆ ಮಣೆಯಿಂದ, 2012. ರಾಜನ ಸಾಲಿಗೆ ಬೆಳ್ಳಿ ಬಣ್ಣ. ಡಯೋಡ್ ಹಾಕಿದೆ." ಅದರ ಮೇಲೆ, ಉಸ್ತಾದರು ಬಿಟ್ಟಿದ್ದ ಜಾಗದಲ್ಲಿ, 1986ರಲ್ಲಿ ಸುಟ್ಟವನು ನಾನೇ ಎಂದು ಹೆಸರು ಬರೆದಿದ್ದೇನೆ.

ಓದುಗರಲ್ಲಿ ಒಂದು ಮಾತು. ನಿಮ್ಮ ಅಟ್ಟದ ಮೇಲೆ ಹಳೆಯ ರೇಡಿಯೋ, ಟೇಪ್ ರೆಕಾರ್ಡರ್, ಆಟದ ಯಂತ್ರ ಏನಾದರೂ ಇದ್ದರೆ ಇವತ್ತೇ ಇಳಿಸಿ ಸೆಲ್ ತೆಗೆಯಿರಿ. ನನ್ನ ಬೆಂಚಿಗೆ ಬಂದವುಗಳಲ್ಲಿ ಹೆಚ್ಚಿನವು ಸತ್ತದ್ದು ಬಳಸಿ ಸವೆದಲ್ಲ, ಒಳಗೆ ಮರೆತ ಸೆಲ್ ಸೋರಿ. ಬಿಳಿಯ ಹಿಟ್ಟು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್ ಸೆಲ್ಲಿನದಾದರೆ ಹತ್ತಿಗೆ ನಿಂಬೆರಸ ಅದ್ದಿ ಒರೆಸಿ, ಹಳೆಯ ಸಾದಾ ಸೆಲ್ಲಿನದಾದರೆ ಅಡುಗೆ ಸೋಡಾದ ನೀರು. ಆಮೇಲೆ ಒದ್ದೆ ಹತ್ತಿಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಸೆಲ್ ಇಲ್ಲದೆ ಮುಚ್ಚಿಡಿ. ಮುಚ್ಚಳದ ಒಳಗೆ ತಾರೀಕು ಬರೆಯಿರಿ.